ನಿಮ್ಮ ಗಾಡಿಯ ಸರ್ವಿಸ್ ಬಾಕಿ ಇದೆ

ನಮ್ಮ ಕೋಣೆಯಲ್ಲಿ ಗಂಡಸರಿಗೆ ಹೆಸರಿರಲಿಲ್ಲ, ನಂಬರು ಮಾತ್ರ ಇತ್ತು. ಗೋಡೆಯ ತುಂಬ ಪರದೆ, ಪರದೆಯ ತುಂಬ ಸಣ್ಣ ಸಣ್ಣ ಚೌಕ, ಒಂದೊಂದು ಚೌಕಕ್ಕೆ ಒಬ್ಬ ಗಂಡಸು. ಚೌಕ ಬೆಳ್ಳಗಿದ್ದರೆ ಅವನು ಸುಖವಾಗಿದ್ದಾನೆ ಎಂದರ್ಥ. ಹಳದಿಯಾದರೆ ಅವನೊಳಗೆ ಬಿಸಿ ಏರುತ್ತಿದೆ. ಕೆಂಪಾದರೆ ಅಂದೇ ಕರೆಸಬೇಕು. ಹಸಿರು ಗುರುತೂ ಒಂದಿತ್ತು. ಹಿಂದಿನ ದಿನ ಪಂಪ್ ಕೆಲಸ ಮಾಡಿದ್ದರೆ ಚೌಕದ ಮೂಲೆಯಲ್ಲಿ ಅದು ಕಾಣುತ್ತಿತ್ತು. ಅದು ಕಂಡಾಗ ನಾನು ಕಣ್ಣು ಬೇರೆ ಕಡೆ ತಿರುಗಿಸುತ್ತಿದ್ದೆ.

ನಾನು ಎಂಟನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಹುಬ್ಬಳ್ಳಿಯ ಅಷ್ಟು ದೊಡ್ಡ ಆಸ್ಪತ್ರೆಯಲ್ಲಿ ನನಗೆ ಕೆಲಸ ಸಿಕ್ಕಿದ್ದು ನನ್ನ ಮಾತು ಕಡಿಮೆ ಎಂಬ ಕಾರಣಕ್ಕೆ. ಸಂದರ್ಶನದಲ್ಲಿ ಡಾಕ್ಟರ್ ಹಂಚಿನಮನಿ ಕೇಳಿದ ಒಂದೇ ಪ್ರಶ್ನೆ, "ಇಲ್ಲಿ ನೋಡಿದ್ದನ್ನ ಮನ್ಯಾಗ ಹೇಳ್ತೀಯೇನು?" ನಾನು ತಲೆ ಅಲ್ಲಾಡಿಸಿದೆ. "ಸಾಕು" ಎಂದರು.

ಆ ಗಂಡಸರ ಮೈಯೊಳಗಿನ ಯಂತ್ರದ ಬಗ್ಗೆ ನನಗೆ ಕಲಿಸಿದವಳು ಪಕ್ಕದ ಕುರ್ಚಿಯ ಮುಮ್ತಾಜಕ್ಕ. ಸಕ್ಕರೆ ಕಾಯಿಲೆಯಿಂದಲೋ ಅಪಘಾತದಿಂದಲೋ ನಿಮಿರುವ ಶಕ್ತಿ ಕಳೆದುಕೊಂಡ ಗಂಡಸರಿಗೆ ಹಿಂದಿನ ಕಾಲದಲ್ಲೂ ಶಸ್ತ್ರಚಿಕಿತ್ಸೆ ಇತ್ತಂತೆ. ಒಳಗೆ ಎರಡು ಮೆತ್ತನೆಯ ನಳಿಕೆ, ಮೂತ್ರಚೀಲದ ಪಕ್ಕದಲ್ಲಿ ಉಪ್ಪುನೀರಿನ ಒಂದು ಪುಟ್ಟ ಚೀಲ, ಕೈಯಿಂದ ಒತ್ತುವ ಒಂದು ಪಂಪ್. ಹತ್ತು ಹದಿನೈದು ವರ್ಷಕ್ಕೆ ಯಾವುದಾದರೊಂದು ಸೋರುತ್ತಿತ್ತು ಅಥವಾ ಸವೆಯುತ್ತಿತ್ತು, ಮತ್ತೆ ಕೊಯ್ಯಬೇಕಾಗುತ್ತಿತ್ತು. ಆಮೇಲೆ ಜೀವಲೇಪ ಬಂತು. ರೋಗಿಯದೇ ಜೀವಕೋಶಗಳನ್ನು ಬೆಳೆಸಿ ನಳಿಕೆಗೂ ಚೀಲಕ್ಕೂ ಚರ್ಮದಂತೆ ಹೊದಿಸುವುದು. ದೇಹ ಅದನ್ನು ಹೊರಗಿನದೆಂದು ತಿಳಿಯುವುದಿಲ್ಲ. ಪಂಪ್ ಒತ್ತುವ ಗೋಜೂ ಇಲ್ಲ, ನರದ ಮಾತು ಕೇಳಿ ತಾನೇ ನಡೆಯುತ್ತದೆ. ಕಟ್ಟಿಕೊಂಡ ಹೆಂಡತಿಗೂ ಗೊತ್ತಾಗುವುದಿಲ್ಲ. ಚೀಲದ ಮೇಲಿನ ಒಂದು ಮಣಿ ಮಾತ್ರ ಒಳಗಿನ ಬಿಸಿಯನ್ನೂ ಒತ್ತಡವನ್ನೂ ಆ ಮನುಷ್ಯನ ಫೋನಿನ ಮೂಲಕ ನಮಗೆ ಕಳಿಸುತ್ತದೆ.

ಹೆಂಡತಿಗೂ ಗೊತ್ತಾಗುವುದಿಲ್ಲ ಎಂಬುದೇ ಎಲ್ಲರಿಗೂ ಬೇಕಾಗಿತ್ತು. ಬಂದವರು ಬಹಳ ಜನ ಸುಳ್ಳು ಹೆಸರು ಕೊಟ್ಟರು, ಸುಳ್ಳು ಊರು ಬರೆಸಿದರು. ಮನೆಯಲ್ಲಿ ಹರ್ನಿಯಾ ಆಪರೇಷನ್ ಎಂದು ಹೇಳಿಬಂದರು.

ವರ್ಷಗಳು ಕಳೆದ ಮೇಲೆ ಕೆಲವರ ಮೈಯಲ್ಲಿ ಜೀವಲೇಪ ಬೆಳೆಯುವುದನ್ನು ನಿಲ್ಲಿಸಲಿಲ್ಲ. ನೀರಿನ ಚೀಲವನ್ನು ಅದು ಪದರ ಪದರವಾಗಿ ಸುತ್ತಿಕೊಂಡು ಗಟ್ಟಿಯಾಗುತ್ತದೆ, ಮೂತ್ರಚೀಲಕ್ಕೆ ಅಂಟುತ್ತದೆ, ಪದರಗಳ ಸಂದಿಯಲ್ಲಿ ಕ್ರಿಮಿ ಸೇರುತ್ತದೆ. ಹಳದಿ ಇರುವಾಗಲೇ ಬಂದರೆ ಸಣ್ಣ ಶಸ್ತ್ರಚಿಕಿತ್ಸೆಯಲ್ಲಿ ಮುಗಿಯುತ್ತದೆ. ಬರದಿದ್ದರೆ ವಿಷ ರಕ್ತಕ್ಕೆ ಇಳಿಯುತ್ತದೆ. ನಾನು ಸೇರಿದ ಮೇಲೆ ಒಬ್ಬನ ಚೌಕ ಕೆಂಪಾಗಿ, ಆಮೇಲೆ ತಣ್ಣಗಾಗುತ್ತ ಹೋದದ್ದನ್ನು ಕಣ್ಣಾರೆ ನೋಡಿದೆ. ಮುಮ್ತಾಜಕ್ಕ ಎದ್ದು ಬಂದು ಅಂಗೈಯಿಂದ ಆ ಚೌಕವನ್ನು ಮುಚ್ಚಿ, "ನೋಡಬ್ಯಾಡ" ಎಂದಳು. ಅವನ ಹೆಸರು ನಮಗೆ ಕೊನೆಗೂ ತಿಳಿಯಲಿಲ್ಲ.

ಫೋನ್ ಮಾಡುವಂತಿರಲಿಲ್ಲ. ಮನೆಯವರು ಎತ್ತಿದರೆ ಗುಟ್ಟು ಬಯಲಾಗುತ್ತದೆ. ಸಂದೇಶ ಮಾತ್ರ ಕಳಿಸಬಹುದು, ಅದೂ ವೇಷ ಹಾಕಿಸಿ. 'ನಿಮ್ಮ ಗಾಡಿ ನಂಬರ್ ಇಂತಿಷ್ಟರ ಸರ್ವಿಸ್ ಬಾಕಿ ಇದೆ. ದಯವಿಟ್ಟು ಬೇಗ ಬನ್ನಿ.'

"ಗಾಡಿಯಂತ, ಗಾಡಿ!" ಮುಮ್ತಾಜಕ್ಕ ಪ್ರತಿ ಸಲವೂ ನಗುವಳು. "ಇಂಜಿನ್ ಬಿಸಿ ಆಗೇತಿ ಬಾರಪಾ ಅಂದ್ರ, ಹಾರ್ನ್ ಹೊಡಕೋತ ಹೊಂಟಾರ ನೋಡು. ಏ ಇಂದೂ, ಈ ನಾಲ್ಕುನೂರ ಹನ್ನೆರಡಕ್ಕ ಮತ್ತೊಂದು ಕಳಸವಾ. ಮಧ್ಯಾಹ್ನ ಆತಂದ್ರ ಹಳದಿ ಆಗಾಕತ್ತಾನ."

ನಾನು ಕಳಿಸಿದೆ.

ನಾನಿರುವುದು ಹಳೇ ಹುಬ್ಬಳ್ಳಿಯಲ್ಲಿ, ಅಕ್ಕ ಕಸ್ತೂರಿಯ ಮನೆಯಲ್ಲಿ. ಮುಂದೆ ರೊಟ್ಟಿ ಖಾನಾವಳಿ, ಹಿಂದೆ ಮನೆ. ಖಾನಾವಳಿ ಅಕ್ಕನ ಗಂಡ ಶಿವಪುತ್ರಪ್ಪನವರದು. ನಾನು ಅವರನ್ನು ಮಾಮಾ ಎಂದು ಕರೆಯುತ್ತೇನೆ. ಒಲೆಯ ಮುಂದೆ ನಿಂತು ರೊಟ್ಟಿ ಬೇಯಿಸುತ್ತಲೇ ಗಿರಾಕಿಗಳ ಕಾಲೆಳೆಯುವ ಮನುಷ್ಯ. ಆದರೆ ಕೆಲವು ತಿಂಗಳಿಂದ ಅವರ ದನಿ ಇಳಿದಿತ್ತು. ಸಕ್ಕರೆ ಕಾಯಿಲೆ ಹೆಚ್ಚಾಗಿರಬೇಕೆಂದು ಅಕ್ಕ ಮೆಂತ್ಯದ ನೀರು ಕುಡಿಸುತ್ತಿದ್ದಳು.

ಆ ಸಂಜೆ ನಾನು ಮನೆಯವರಿಗೆ ಬಡಿಸುತ್ತಿದ್ದೆ. ಮಾಮಾನ ಪಕ್ಕದಲ್ಲಿ ಅವರ ತಾಯಿ ಗೌರವ್ವತ್ತಿ ಕುಳಿತಿದ್ದಳು. ಅಕ್ಕ ಮಾಮಾನ ಫೋನಿನಲ್ಲಿ ಜೋಳದ ಹಿಟ್ಟಿಗೆ ಹೇಳಲು ಹೋದವಳು ಗದರಿದಳು.

"ಇದ ನೋಡ್ರಿ, ಮತ್ತ ಬಂತು. 'ನಿಮ್ಮ ಗಾಡಿ ನಂಬರ್ ನಾಲ್ಕುನೂರ ಹನ್ನೆರಡರ ಸರ್ವಿಸ್ ಬಾಕಿ ಇದೆ.' ಗಾಡಿ ಮಾರಿ ಯಾವ ಕಾಲಾತು! ಇವ್ರಿಗೇನು ಬುದ್ಧಿ ಗಿದ್ಧಿ ಐತೋ ಇಲ್ಲೋ?"

"ಅಳಿಸಿ ಒಗಿ ಅತ್ತಾಗ" ಎಂದರು ಮಾಮಾ.

"ಮಾರಿದ ಗಾಡಿ ಇನ್ನೂ ನಿನ್ನ ಹೆಸರಲೇ ಐತೇನೋ, ನೋಡಪಾ" ಎಂದಳು ಗೌರವ್ವತ್ತಿ. "ತಗೊಂಡಾಂವ ಯಾರಿಗರ ಗುದ್ದಿ ಓಡಿ ಹೋದ್ರ ಪೊಲೀಸ್ರು ನಮ್ಮ ಬಾಗಿಲಿಗೆ ಬರ್ತಾರ."

ನನ್ನ ಕೈಯ ಸೌಟು ಪಾತ್ರೆಯೊಳಗೇ ನಿಂತಿತು. ಮಾಮಾ ತಲೆ ಎತ್ತಿ ನನ್ನ ಕಡೆ ನೋಡಿದರು. ನಾನು ಅವರ ತಟ್ಟೆಯ ಕಡೆ ನೋಡಿದೆ. ಪಲ್ಯ ಎಷ್ಟು ಬಡಿಸಿದೆನೋ, ಅಕ್ಕ "ಏ, ಸಾಕ ಸಾಕ!" ಎಂದು ಕೂಗಿದಳು.

ಹಾಸಿಗೆಯಲ್ಲಿ ಮಲಗಿ ಲೆಕ್ಕ ಹಾಕಿದೆ. ಮಾಮಾಗೆ ಮದುವೆಗೆ ಮುಂಚೆಯೇ ಸಕ್ಕರೆ ಕಾಯಿಲೆ ಇತ್ತು. ಮದುವೆಯ ಹಿಂದಿನ ವರ್ಷ ಹರ್ನಿಯಾ ಆಪರೇಷನ್ ಆಗಿತ್ತು. ಅಕ್ಕನಿಗೆ ಏನೂ ಗೊತ್ತಿಲ್ಲ. ಗೊತ್ತಾದರೆ ಅವಳೇನು ಮಾಡುತ್ತಾಳೆ? ಮೋಸ ಮಾಡಿ ಮದುವೆಯಾದರು ಎಂದು ತನ್ನ ಪುಟ್ಟ ಮಗಳನ್ನು ಎತ್ತಿಕೊಂಡು ತವರಿಗೆ ಹೋಗುತ್ತಾಳೆಯೇ? ತವರಾದರೂ ಎಲ್ಲಿದೆ? ನಮ್ಮಿಬ್ಬರಿಗೂ ಇರುವುದು ಈ ಮನೆ ಒಂದೇ.

ಮರುದಿನ ಪರದೆಯಲ್ಲಿ ಆ ಚೌಕ ಬಿಟ್ಟು ಬೇರೇನೂ ನನಗೆ ಕಾಣಲಿಲ್ಲ. ಬೆಳಿಗ್ಗೆ ಅದರ ಮೂಲೆಯಲ್ಲಿ ಹಸಿರಿತ್ತು. ಒಂದೇ ಗೋಡೆಯ ಆಚೆ ಮಲಗುವ ನನ್ನಕ್ಕ. ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ. ಮಧ್ಯಾಹ್ನ ಹಳದಿ ಬಂತು, ಸಂಜೆಗೆ ಕಡಿಮೆಯಾಯಿತು. ಆಗ ನನಗೆ ಜೀವ ಬಂದಂತಾಯಿತು. ಮಧ್ಯಾಹ್ನವೆಂದರೆ ಊಟದ ಹೊತ್ತು. ಮಾಮಾ ಒಲೆಗೆ ಹೊಟ್ಟೆ ಕೊಟ್ಟು ನಿಂತಿರುವ ಹೊತ್ತು. ಇದು ರೋಗದ ಬಿಸಿಯಲ್ಲ, ಒಲೆಯ ಬಿಸಿ.

ಅಂದೇ ಡಾಕ್ಟರ್ ಹಂಚಿನಮನಿ ಬಂದು ಹಳದಿ ಚೌಕಗಳನ್ನು ಒಂದೊಂದಾಗಿ ಕೇಳಿದರು. "ಇಂವ ಯಾಕ ಬರವಲ್ಲ? ಭಾಳ ದಿವಸಾತು ಇದು."

ಮುಮ್ತಾಜಕ್ಕ ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ. ಆ ಕೋಣೆಯಲ್ಲಿ ಕೇಳದೆ ನಾನಾಡಿದ ಮೊದಲ ಮಾತು ಅದು. "ಸರ್, ಮಧ್ಯಾಹ್ನ ಅಷ್ಟ ಏರ್ತೈತ್ರಿ. ಒಲಿ ಮುಂದ ಕೆಲಸ ಮಾಡೋರು ಇರಬಹುದು."

ಅವರು ಆ ಚೌಕದ ಹಿಂದಿನ ದಿನಗಳ ಬಿಸಿಯ ಗೆರೆಗಳನ್ನು ನೋಡಿದರು. "ಹೌದು ಬಿಡು, ಇರಬಹುದು. ಹಂಗಾರ ಇದನ್ನ ಕೆಳಗ ಹಾಕು. ಬ್ಯಾರೆಯವ್ರನ್ನ ಮೊದಲ ನೋಡೂಣು."

ನಾನು ಕೆಳಗೆ ಹಾಕಿದೆ. ಸಂಜೆ ಮನೆಗೆ ಹೋಗುವಾಗ ಹಾಡೊಂದನ್ನು ಗುನುಗುತ್ತಿದ್ದೆ.

ಸೋಮವಾರ ಖಾನಾವಳಿಗೆ ರಜೆ. ಅಂದು ಒಲೆ ಹೊತ್ತಿಸುವುದಿಲ್ಲ, ಮಾಮಾ ಪಡಸಾಲೆಯಲ್ಲಿ ಫ್ಯಾನಿನ ಕೆಳಗೆ ಮಲಗುತ್ತಾರೆ. ನಾನು ಕೆಲಸಕ್ಕೆ ಹೊರಟಾಗಲೂ ಮಲಗಿದ್ದರು. ಮಧ್ಯಾಹ್ನ ಚೌಕ ಹಳದಿಯಾಯಿತು. ಒಲೆಯೇ ಇಲ್ಲದ ದಿನ ಎಂದಿಗಿಂತ ಕಡು ಹಳದಿ. ಸಂಜೆಯಾದರೂ ಇಳಿಯಲಿಲ್ಲ. ಬಿಸಿಯ ಕೆಳಗಿನ ಒತ್ತಡದ ಗೆರೆಯೂ ನಿಧಾನವಾಗಿ ಮೇಲೇರುತ್ತಿತ್ತು. ನಾನು ಅದನ್ನು ಇಷ್ಟು ದಿನ ನೋಡಿಯೇ ಇರಲಿಲ್ಲ. ನನಗೆ ಬೇಕಾದ ಗೆರೆಯನ್ನಷ್ಟೇ ನೋಡಿದ್ದೆ.

ಚೌಕವನ್ನು ಎಳೆದು ಮೇಲಕ್ಕೆ ಹಾಕಿದೆ. "ಅಕ್ಕಾ, ಇವರ್ಯಾಕ ಬರಂಗಿಲ್ಲ? ಮೊದಲ ಬರ್ತಿದ್ರಲ್ಲ, ವರ್ಷಕ್ಕೊಮ್ಮೆ ಬಂದು ತೋರಿಸ್ಕೊಂಡು ಹೋಗ್ಯಾರ."

ಮುಮ್ತಾಜಕ್ಕ ಚಹಾ ಊದುತ್ತ ಹೇಳಿದಳು, "ಇನ್ನೇನು? ಆಸ್ಪತ್ರೆ ಗೇಟಿನ್ಯಾಗ ಯಾರರ ಗುರ್ತಿನವ್ರು ಕಂಡಿರ್ತಾರ. ನಮ್ಮ ಓಣ್ಯಾಗ ಒಬ್ಬಾಂವ ಹಿಂಗ, ಭಾವನ ಮಗಾ ಇಲ್ಲಿ ವಾರ್ಡ್‌ಬಾಯ್ ಆದ ಅಂತ ಬರೋದ ಬಿಟ್ಟ. ಸಾಯ್ತೇನಿ ಅಂದ್ರೂ ಈ ದಾರಿ ತುಳಿಯಂಗಿಲ್ಲ ನೋಡು ಇವ್ರು."

ನಾಲ್ಕುನೂರ ಹನ್ನೆರಡು ಕೊನೆಯ ಸಲ ಬಂದದ್ದು ಯಾವಾಗ ಎಂದು ನೋಡಿದೆ. ನಾನು ಈ ಕೆಲಸಕ್ಕೆ ಸೇರುವ ಮುಂಚಿನ ತಿಂಗಳು.

ನನಗೆ ಕೆಲಸ ಸಿಕ್ಕಿತೆಂದು ಅಕ್ಕ ಪೇಢೆ ಹಂಚಿದ ದಿನ ನೆನಪಾಯಿತು. ಯಾವ ವಿಭಾಗ ಎಂದು ಮಾಮಾ ಕೇಳಿದ್ದರು. ನಾನು ಹೇಳಿದಾಗ ಪೇಢೆ ಕೈಯಲ್ಲೇ ಹಿಡಿದು ಅಂಗಡಿಯೊಳಗೆ ಹೋಗಿದ್ದರು. ಅವರು ಹೆದರಿದ್ದು ರೋಗಕ್ಕಲ್ಲ, ನನಗೆ. ಕುರ್ಚಿಯಲ್ಲಿ ನಾನು ಕುಳಿತಿರುವವರೆಗೂ ಅವರು ಬರುವುದಿಲ್ಲ.

ಮಾತಾಡಿ ತಿಳಿಸುವ ಧೈರ್ಯ ನನಗಿರಲಿಲ್ಲ. ಎಳೆಯ ನಾದಿನಿ ಅಕ್ಕನ ಗಂಡನ ಮುಂದೆ ಇಂಥ ಮಾತನ್ನು ಯಾವ ಬಾಯಿಂದ ಆಡುವುದು? ಬೇರೆ ದಾರಿ ಹುಡುಕಿದೆ. ಮರುದಿನ ಕೆಲಸ ಬಿಟ್ಟೆ. ರಾತ್ರಿಯ ಊಟಕ್ಕೆ ಎಲ್ಲರೂ ಕುಳಿತಾಗ, ಎಂದೂ ಇಲ್ಲದಷ್ಟು ಗಟ್ಟಿಯಾಗಿ ಹೇಳಿದೆ. "ನಾ ಆಸ್ಪತ್ರಿ ಕೆಲಸಾ ಬಿಟ್ಟೆ. ಇನ್ಮ್ಯಾಲೆ ಆ ಕಡೆ ಹೋಗಂಗಿಲ್ಲ. ಅಲ್ಲಿ ಈಗ ನಮ್ಮ ಪೈಕಿ ಯಾರೂ ಇಲ್ಲ."

"ಹುಚ್ಚು ಹಿಡದೈತೇನ ನಿನಗ?" ಅಕ್ಕ ರೇಗಿದಳು. "ಎಸಿ ಒಳಗ ಕುಂತು ಮಾಡೋ ಕೆಲಸಾ!"

"ಯಾರರ ಏನರ ಅಂದ್ರೇನವಾ?" ಎಂದು ಗೌರವ್ವತ್ತಿ ಮೆಲ್ಲಗೆ ಕೇಳಿದಳು.

ಮಾಮಾ ತುತ್ತು ನುಂಗಲಿಲ್ಲ. ಆಮೇಲೆ ನಾನು ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಾಗ ನಲ್ಲಿಯ ಹತ್ತಿರ ಬಂದು ನಿಂತರು. ಒಂದು ಕೈ ಕೆಳಹೊಟ್ಟೆಯ ಮೇಲಿತ್ತು.

"ಯಾಕ ಬಿಟ್ಟಿ?"

"ಹಂಗ ರೀ ಮಾಮಾ."

"ಹಂಗ ಅಂದ್ರ?"

ಹೇಳಬಹುದಾಗಿತ್ತು. ಕಣ್ಣು ಅವರ ಕೈಯ ಮೇಲೆ ಹೋಯಿತು, ಅಷ್ಟೇ. ಅವರು ಅದನ್ನು ನೋಡಿದರು. ಕೈ ತೆಗೆದು ಬೆನ್ನ ಹಿಂದೆ ಕಟ್ಟಿಕೊಂಡರು. ಇವಳಿಗೆ ಗೊತ್ತಿದೆ ಎಂದು ಅವರಿಗೆ ತಿಳಿದುಹೋಯಿತು. ದಾರಿ ಬಿಟ್ಟುಕೊಡಲು ಹೋಗಿ ನಾನು ಅದನ್ನು ಪೂರ್ತಿ ಮುಚ್ಚಿದ್ದೆ.

ಅಂದಿನಿಂದ ಅವರು ನಾನಿರುವ ಕಡೆ ಬರಲಿಲ್ಲ. ಊಟ ಖಾನಾವಳಿಯಲ್ಲೇ. ನನ್ನ ಮುಂದೆ ಈಗ ಪರದೆಯೂ ಇರಲಿಲ್ಲ. ಚೌಕ ಯಾವ ಬಣ್ಣದಲ್ಲಿದೆಯೋ ತಿಳಿಯುವಂತಿರಲಿಲ್ಲ. ಅಡುಗೆಮನೆಯ ಕಿಟಕಿಯಿಂದ ಅವರನ್ನೇ ನೋಡುತ್ತ ನಿಲ್ಲುತ್ತಿದ್ದೆ. ಬೆವರು ಒಲೆಯದೋ ಜ್ವರದ್ದೋ? ಬಗ್ಗಿ ಹಿಟ್ಟಿನ ಚೀಲ ಎತ್ತುವಾಗ ಮುಖ ಹಿಂಡಿದ್ದು ಭಾರಕ್ಕೋ ನೋವಿಗೋ? ಅಕ್ಕನಿಗೆ ಒಮ್ಮೆ ಹೇಳಿದೆ, "ಮಾಮಾನ್ನ ದೊಡ್ಡ ಆಸ್ಪತ್ರೆಗೆ ತೋರಸವಾ." ಅವಳು ಹೋಗಿ ಹೇಳಿದಳು. "ನನಗೇನಾಗೇತಿ? ಯಾರ ಹೇಳಿದ್ರು ನಿನಗ?" ಎಂದು ಅವರು ಕೂಗಿದ್ದು ಒಳಗೆ ಕೇಳಿಸಿತು. ಅವರು ಅಕ್ಕನ ಮೇಲೆ ಕೂಗಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಶುಕ್ರವಾರ ಗಿರಾಕಿಗಳು ತುಂಬಿದ್ದ ಹೊತ್ತಿನಲ್ಲೇ ಅವರು ಒಲೆಯ ಮುಂದೆ ಕುಸಿದರು. ಮೈ ಸುಡುತ್ತಿತ್ತು, ಹಲ್ಲು ಕಟಕಟ ಎನ್ನುತ್ತಿತ್ತು. ಊಟ ಮಾಡುತ್ತಿದ್ದವರು ಎಂಜಲು ಕೈಯಲ್ಲೇ ಎತ್ತಿ ಆಟೋಕ್ಕೆ ಹಾಕಿದರು. "ದೊಡ್ಡ ಆಸ್ಪತ್ರೆ ಬ್ಯಾಡ" ಎಂದು ಮಾಮಾ ಆ ಸ್ಥಿತಿಯಲ್ಲೂ ತೊದಲಿದರು. ಹೀಗಾಗಿ ಮೂಲೆಯಲ್ಲಿದ್ದ ನರ್ಸಿಂಗ್ ಹೋಮಿಗೇ ಹೋದೆವು.

ಅಲ್ಲಿದ್ದ ಡಾಕ್ಟರ್ ಚಿಕ್ಕ ವಯಸ್ಸಿನವನು. ಕೆಳಹೊಟ್ಟೆಯ ಊತವನ್ನು ಮುಟ್ಟಿ, ಸ್ಕ್ಯಾನಿನ ಕಡ್ಡಿ ಆಡಿಸಿ ನೋಡಿದ. "ಮೊದಲ ಏನರ ಆಪರೇಷನ್ ಆಗೇತೇನ್ರಿ?"

"ಹರ್ನಿಯಾದ್ದು ಆಗೇತ್ರಿ" ಎಂದಳು ಗೌರವ್ವತ್ತಿ. "ನಾನ ಹೊರಗ ಕುಂತಿದ್ನಿ."

"ಹಂಗಾರ ಆವಾಗ ಒಳಗ ಹಾಕಿದ ಜಾಲರಿ ಕೆಟ್ಟು ಕೀವು ಕಟ್ಟೇತಿ. ನೋಡ್ರಿ, ಇಲ್ಲಿ ಗುಂಡಗ ಚೀಲದಂಗ ತುಂಬಿ ನಿಂತೈತಿ. ಸೂಜಿ ಹಾಕಿ ಎಲ್ಲಾ ಜಗ್ಗಿ ತಗಿತೇನಿ, ಆರಾಮ ಆಗ್ತಾರ." ಅವನು ನರ್ಸಿಗೆ ಸೂಜಿ ತರಲು ಹೇಳಿದ.

ಪರದೆಯ ಮೇಲಿನ ಆ ಗುಂಡನೆಯ ಕಪ್ಪನ್ನು ನಾನು ನೋಡಿದೆ. ಅದು ಕೀವಲ್ಲ, ನೀರಿನ ಚೀಲ. ಅದರ ಸುತ್ತ ದಪ್ಪಗೆ ಬಿಳಿಯ ಪದರ. ಸೂಜಿ ಚುಚ್ಚಿದರೆ ಪದರದ ವಿಷವೆಲ್ಲ ಹೊಟ್ಟೆಯೊಳಕ್ಕೆ.

ಮಾಮಾ ಕಣ್ಣು ತೆರೆದು ನನ್ನನ್ನೇ ನೋಡುತ್ತಿದ್ದರು. ಬೇಡ ಎನ್ನುವಂತೆ ತಲೆ ಅಲುಗಿಸಿದರು. ಅಕ್ಕ ಅವರ ಪಾದ ತಿಕ್ಕುತ್ತಿದ್ದಳು. ಬಾಗಿಲಲ್ಲಿ ಖಾನಾವಳಿಯ ಗಿರಾಕಿಗಳು ನಿಂತಿದ್ದರು. ನರ್ಸ್ ಸೂಜಿಯ ಕವಚ ಬಿಚ್ಚಿದಳು.

"ಚುಚ್ಚಬ್ಯಾಡ್ರಿ!" ಎಂದೆ.

ಎಲ್ಲರೂ ತಿರುಗಿದರು.

"ಅದು ಹರ್ನಿಯಾ ಅಲ್ರಿ. ಅವರ ಶಿಶ್ನದಾಗ ಯಂತ್ರ ಕೂಡಿಸ್ಯಾರ, ಜೀವಲೇಪದ್ದು. ನೀವು ಕೀವು ಅನ್ನಾಕತ್ತಿದ್ದು ಅದರ ನೀರಿನ ಚೀಲಾ. ದೊಡ್ಡ ಆಸ್ಪತ್ರೆಗೆ ಕಳಸ್ರಿ. ಹಂಚಿನಮನಿ ಡಾಕ್ಟರಿಗೆ ನಾಲ್ಕುನೂರ ಹನ್ನೆರಡು ಅಂತ ಹೇಳ್ರಿ, ಸಾಕು."

ಬಾಗಿಲಲ್ಲಿ ಯಾರೋ ಕೆಮ್ಮಿದರು. ಮಾಮಾ ಕಣ್ಣು ಮುಚ್ಚಿಕೊಂಡರು. ಮುಚ್ಚಿದ ರೆಪ್ಪೆಯ ಸಂದಿಯಿಂದ ನೀರು ಕಿವಿಯ ಕಡೆಗೆ ಇಳಿಯಿತು. ಅಕ್ಕನ ಕೈ ಅವರ ಪಾದದ ಮೇಲೆ ನಿಂತುಬಿಟ್ಟಿತು. ತೆಗೆಯಲೂ ಇಲ್ಲ, ತಿಕ್ಕಲೂ ಇಲ್ಲ.

ದೊಡ್ಡ ಆಸ್ಪತ್ರೆಯಲ್ಲಿ ಅವರನ್ನು ಒಳಗೆ ಒಯ್ದ ಮೇಲೆ ನಾನೂ ಅಕ್ಕನೂ ಹೊರಗಿನ ಬೆಂಚಿನ ಮೇಲೆ ಕುಳಿತೆವು. ಬದುಕುತ್ತಾರೋ ಇಲ್ಲವೋ ಯಾರೂ ಹೇಳಲಿಲ್ಲ. ಗೌರವ್ವತ್ತಿ ದೂರದಲ್ಲಿ ಗೋಡೆಗೆ ಮುಖ ಮಾಡಿ ಕುಳಿತು ಏನೋ ಜಪಿಸುತ್ತಿದ್ದಳು. ಅಕ್ಕ ನನ್ನ ಕಡೆ ತಿರುಗಿ ಕೇಳಿದಳು.

"ನಿನಗ ಯಾವಾಗಿಂದ ಗೊತ್ತು?"

ಹೇಳಿದೆ.

"ಅಲ್ಲಿ ಕುಂತು ಏನೇನು ಕಾಣತೈತಿ?"

"ಬಿಸಿ. ಒತ್ತಡ."

"ಮತ್ತ?"

ನಾನು ಆಪರೇಷನ್ ಕೋಣೆಯ ಬಾಗಿಲ ಕಡೆ ನೋಡಿದೆ.

"ನಾ ಕೇಳಾಕತ್ತೇನಿ ಇಂದೂ. ನಾವು ಗಂಡಾ ಹೆಂಡ್ತಿ ಯಾವತ್ತು ಹೆಂಗ ಇದ್ವಿ ಅನ್ನೋದು ನಿನಗ ಕಾಣ್ತಿತ್ತೇನು?"

ಸುಳ್ಳು ಹೇಳಬಹುದಾಗಿತ್ತು. ಆದರೆ ಆ ದಿನ ಸುಳ್ಳಿಗೆ ಎಂಥ ಬೆಲೆ ತೆರಬೇಕಾಗುತ್ತದೆಂದು ಇಬ್ಬರೂ ನೋಡಿದ್ದೆವು. "ಹೂಂ" ಎಂದೆ. "ನಾ ಕಣ್ಣು ತಿರಗಸ್ತಿದ್ನಿ."

ಅಕ್ಕ ಸೆರಗನ್ನು ಮೈತುಂಬ ಎಳೆದುಕೊಂಡು ಬೆಂಚಿನ ಆ ತುದಿಗೆ ಸರಿದಳು. ಚಿಕ್ಕಂದಿನಲ್ಲಿ ನನಗೆ ಸ್ನಾನ ಮಾಡಿಸಿದವಳು, ತಲೆ ಬಾಚಿದವಳು. "ಅಂವ ಮುಚ್ಚಿಟ್ಟ. ನೀ ನೋಡಿದಿ" ಎಂದಳು. "ನಡುವ ನಾ ಯಾರು?" ಉತ್ತರಕ್ಕೆ ಅವಳು ಕಾಯಲಿಲ್ಲ.

ಮಾಮಾ ಬದುಕಿದರು. ಚೀಲವನ್ನೂ ನಳಿಕೆಯನ್ನೂ ಎಲ್ಲವನ್ನೂ ತೆಗೆದುಹಾಕಬೇಕಾಯಿತು. ಮತ್ತೆ ಕೂಡಿಸಲು ಬರುವುದಿಲ್ಲ ಎಂದು ಹಂಚಿನಮನಿ ಡಾಕ್ಟರ್ ಅಕ್ಕನ ಎದುರಿಗೇ ಹೇಳಿದರು. ಅವಳು ಎಲ್ಲ ಕೇಳಿಸಿಕೊಂಡು, ಗಂಜಿ ಯಾವಾಗಿನಿಂದ ಕೊಡಬಹುದು ಎಂದಷ್ಟೇ ಕೇಳಿದಳು. ಬೆಳಿಗ್ಗೆ ಸಂಜೆ ತಂದು ಕುಡಿಸುತ್ತಿದ್ದಳು. ಗಂಡನ ಜೊತೆಗೂ ಮಾತಿಲ್ಲ, ನನ್ನ ಜೊತೆಗೂ ಇಲ್ಲ.

ಮಾಮಾ ನನ್ನ ಜೊತೆ ಮಾತಾಡಿದ್ದು ಒಮ್ಮೆ ಮಾತ್ರ. ನಾನು ನೀರು ಇಟ್ಟು ಹೊರಡುವವಳಿದ್ದೆ. ಕಿಟಕಿಯ ಕಡೆ ಮುಖ ಮಾಡಿಯೇ ಕೇಳಿದರು.

"ನನ್ನಂಥವ್ರು ಭಾಳ ಮಂದಿ ಅದಾರೇನು, ಆ ಗೋಡಿ ಮ್ಯಾಲ?"

"ಗೋಡಿ ತುಂಬ ಅದಾರ್ರಿ ಮಾಮಾ. ಬರದವ್ರೂ ಭಾಳ ಅದಾರ."

"ಬರಂಗಿಲ್ಲ ಅವ್ರು." ಕಿಟಕಿಯಿಂದ ಮುಖ ತಿರುಗಿಸದೆ ಹೇಳಿದರು, "ನಿಂತ ಕಾಲ ಮ್ಯಾಲ ಸಾಯ್ತಾರ, ಬರಂಗಿಲ್ಲ."

ಮರುದಿನ ಖಾನಾವಳಿಯ ಪಕ್ಕದ ಸೈಕಲ್ ಅಂಗಡಿಯ ಯಮನೂರಪ್ಪ ನೋಡಲು ಬಂದ. ಮಾಮಾಗಿಂತ ಎರಡು ಪಟ್ಟು ಮೈಕಟ್ಟಿನ ಆಳು, ಓಣಿಯಲ್ಲಿ ಜಗಳ ಬಿಡಿಸುವವನು. ಮೂಸಂಬಿಯ ಚೀಲವನ್ನು ಹಾಸಿಗೆಯ ಪಕ್ಕದಲ್ಲಿಟ್ಟು ಕಾಲ್ದೆಸೆಯಲ್ಲಿ ನಿಂತ. ನರ್ಸಿಂಗ್ ಹೋಮಿನ ಬಾಗಿಲಲ್ಲಿ ನಿಂತಿದ್ದವರು ಓಣಿಯಲ್ಲಿ ಏನೇನು ಹೇಳಿದ್ದರೋ, ಗೌರವ್ವತ್ತಿ ಅವನ ಮುಖವನ್ನೇ ದುರುಗುಟ್ಟಿ ನೋಡುತ್ತ ಗಟ್ಟಿಯಾಗಿ ಹೇಳಿದಳು, "ಹಳೇ ಹರ್ನಿಯಾ ಎದ್ದಿತ್ತಪಾ. ಮಂದಿ ಏನರ ಅಂತಾರ, ನಂಬಬ್ಯಾಡ."

"ಹೌದೌದು, ಹರ್ನಿಯಾನ ಇರಬೇಕು ಬಿಡ್ರಿ" ಎಂದ ಅವನು. ಆದರೆ ಹೋಗಲಿಲ್ಲ. ಫ್ಯಾನು ನೋಡಿದ, ಸಲೈನ್ ಬಾಟಲಿ ನೋಡಿದ, ಮೀಸೆ ತೀಡಿಕೊಂಡ. ಆಮೇಲೆ ಯಾವ ಮುಖ್ಯ ಮಾತೂ ಅಲ್ಲವೆಂಬಂತೆ ಕೇಳಿದ, "ಅಲ್ಲೋ ಶಿವಪುತ್ರಾ, ಮೊದಲ ಏನೇನಾತು ನಿನಗ? ಬರೇ ಬಿಸಿ ಅನಸ್ತಿತ್ತೋ, ನೋವೂ ಆಗ್ತಿತ್ತೋ?"

ಕೇಳುತ್ತ ಕೇಳುತ್ತ ಅವನ ಕೈ ತನಗೆ ತಿಳಿಯದಂತೆ ಕೆಳಹೊಟ್ಟೆಯ ಮೇಲೆ ಹೋಗಿ ನಿಂತಿತು. ಹಣೆಯಲ್ಲಿ ಬೆವರಿತ್ತು. ಆ ಕೋಣೆ ತಣ್ಣಗಿತ್ತು.

ಮಾಮಾ ಅವನ ಕೈಯನ್ನು ನೋಡಿದರು. ನಂತರ ಬಾಗಿಲ ಹತ್ತಿರ ಗಂಜಿಯ ಡಬ್ಬಿ ಹಿಡಿದು ನಿಂತಿದ್ದ ಅಕ್ಕನನ್ನು ನೋಡಿದರು. ಅಕ್ಕನೂ ಯಮನೂರಪ್ಪನ ಕೈಯನ್ನೇ ನೋಡುತ್ತಿದ್ದಳು. ಅಷ್ಟು ದಿನಗಳಲ್ಲಿ ಮೊದಲ ಸಲ ಗಂಡನ ಮುಖವನ್ನು ನೇರವಾಗಿ ನೋಡಿ ಹೇಳಿದಳು, "ಹೇಳ್ರಿ ಅವ್ರಿಗೆ."

ಗೌರವ್ವತ್ತಿ ಏನೋ ಅನ್ನಲು ಹೊರಟಳು. ಮಾಮಾ ಕೈ ಎತ್ತಿ ತಡೆದರು.

"ಅವ್ವಾ, ನೀ ಸ್ವಲ್ಪ ಹೊರಗ ಕುಂದ್ರು. ಯಮನೂರಾ, ಬಾಗಿಲಾ ಹಾಕ್ಕೊಂಡು ಬಾ. ಇಲ್ಲಿ ನನ್ನ ಹತ್ರ ಕುಂದ್ರು."